ಹಗ್ಗ, ಗೂಟ, ಮೊಳೆ ಹಲಗೆ: ನಮ್ಮ ಶಾಲೆ ಅಂಗಳದ ರೇಖಾಗಣಿತ

ನಮ್ಮದು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲೂಕಿನ ಒಂದು ಸರ್ಕಾರಿ ಶಾಲೆ. ಸುತ್ತ ಅಡಿಕೆ ತೋಟ, ನಡುವೆ ಊರು, ಊರ ತುದಿಗೆ ಶಾಲೆ. ಈ ವರ್ಷ ಅಂಗಳದಲ್ಲಿ ಮೂರು ಕೆಲಸ ಬಾಕಿ ಇದ್ದವು. ಬಿಸಿಯೂಟಕ್ಕೆ ಸೊಪ್ಪು ಬೆಳೆಯಲು ಒಂದು ಮಡಿ, ಹೀರೆ ಬಳ್ಳಿಗೆ ಒಂದು ಚಪ್ಪರ, ಬೇವಿನ ಮರದ ಸುತ್ತ ಇಟ್ಟಿಗೆ ಕಟ್ಟೆ. ಆಳು ಹಿಡಿದು ಮಾಡಿಸಿದ್ದರೆ ಬೇಗ ಮುಗಿದುಹೋಗುತ್ತಿತ್ತು. ನಾಲ್ಕು ಮತ್ತು ಐದನೇ ತರಗತಿ ಮಕ್ಕಳನ್ನು ಕಟ್ಟಿಕೊಂಡು ಮಾಡಿದ್ದರಿಂದ ಸಾಕಷ್ಟು ಎಳೆಯಿತು. ಆದರೆ ರೇಖಾಗಣಿತದ ಪಾಠಗಳು ಹೆಚ್ಚುಕಮ್ಮಿ ಅಲ್ಲೇ ಮುಗಿದವು. ಯಾವ ಸಾಮಾನು ಬೇಕು, ಎಲ್ಲಿ ತೊಡಕು ಬರುತ್ತೆ, ಮಕ್ಕಳು ಎಲ್ಲಿ ನಿಂತು ಯೋಚಿಸಿದರು ಅನ್ನೋದನ್ನು ಬರೆದಿಡುತ್ತಿದ್ದೇನೆ. ಬೇರೆ ಮೇಷ್ಟ್ರುಗಳಿಗೆ ಉಪಯೋಗ ಆದರೆ ಸರಿ.

ಮೊಳೆ ಹಲಗೆ

ಮೊಳೆ ಹಲಗೆ ಅಂದರೆ ಸಾಲಾಗಿ ಮೊಳೆ ಹೊಡೆದ ಹಲಗೆ, ಮೊಳೆಗಳಿಗೆ ರಬ್ಬರ್ ಉಂಗುರ ಇಲ್ಲವೇ ದಾರ ಸಿಕ್ಕಿಸಿ ಆಕಾರ ಮಾಡುವುದು. ಅಂಗಳಕ್ಕೆ ಇಳಿಯುವ ಮುಂಚೆ ಇದನ್ನು ಮಾಡಿಕೊಂಡೆವು. ಕಾರಣ ಇದೆ. ತರಗತಿ ಗೋಡೆ ಮೇಲಿನ ಬಣ್ಣದ ಚಾರ್ಟ್ ನೋಡಿ. ಅದರಲ್ಲಿ ತ್ರಿಭುಜ ಯಾವಾಗಲೂ ನೆಲದ ಮೇಲೆ ನೆಟ್ಟಗೆ ಕೂತಿರುತ್ತದೆ. ಮೂರೂ ಬದಿ ಸಮ, ತುದಿ ಮೇಲಕ್ಕೆ. ಚೌಕವೂ ಅಷ್ಟೇ, ಎಂದೂ ವಾಲುವುದಿಲ್ಲ. ಬೋರ್ಡಿನ ಮೇಲೆ ತುದಿ ಕೆಳಗೆ ಮಾಡಿ ತ್ರಿಭುಜ ಬರೆದರೆ, "ಅದು ಉಲ್ಟಾ ಆಗಿದೆ ಸಾರ್" ಅನ್ನುತ್ತಾರೆ. ಉದ್ದಕ್ಕೆ ಚೂಪಾಗಿ ಬರೆದರೆ ಅದು ತ್ರಿಭುಜವೇ ಅಲ್ಲ, ಮುಳ್ಳು. ನೆದರ್‌ಲ್ಯಾಂಡ್ಸ್‌ನ ಶಿಕ್ಷಕ ದಂಪತಿ ಪಿಯರ್ ಮತ್ತು ಡೀನಾ ವಾನ್ ಹೀಲೆ 1957ರಲ್ಲಿ ತಮ್ಮ ಪಿಎಚ್‌.ಡಿ. ಪ್ರಬಂಧಗಳಲ್ಲಿ ಇದನ್ನೇ ವಿವರಿಸಿದ್ದರು. ಮಗು ಮೊದಲು ಆಕಾರವನ್ನು ಒಟ್ಟು ನೋಟದಿಂದ ಗುರುತಿಸುತ್ತದೆ. ಬದಿ ಎಷ್ಟು, ಮೂಲೆ ಹೇಗೆ ಅನ್ನುವುದು ಆಮೇಲಿನ ಮೆಟ್ಟಿಲು. ವಯಸ್ಸು ಏರಿದ ಮಾತ್ರಕ್ಕೆ ಆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಅಂಥ ಕೆಲಸ ಕೈಗೆ ಸಿಗಬೇಕು. ಚಾರ್ಟ್ ಈ ವಿಷಯದಲ್ಲಿ ಸಹಾಯಕ್ಕಿಂತ ಅಡ್ಡಿಯೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಬಡಗಿ ಅಂಗಡಿಯಲ್ಲಿ ಬಿಸಾಡಿದ 12 ಮಿ.ಮೀ. ಪ್ಲೈವುಡ್ ಚೂರು ಸಿಕ್ಕವು. ಅವನ್ನು 25 ಸೆಂ.ಮೀ. ಚೌಕ ಮಾಡಿ ಕೊಯ್ಯಿಸಿದೆ. ತಲೆ ಇರುವ ಒಂದು ಇಂಚು ಉದ್ದದ ಮೊಳೆ, ಉಪ್ಪು ಕಾಗದ, ಸುತ್ತಿಗೆ. ಅಷ್ಟೇ ಸಾಮಾನು. ಸಾಲಿಗೆ ಐದು ಮೊಳೆಯಂತೆ ಐದು ಸಾಲು, ಮೊಳೆಯಿಂದ ಮೊಳೆಗೆ 5 ಸೆಂ.ಮೀ. ಅಂಚಿನಲ್ಲಿ ಎರಡೂವರೆ ಸೆಂ.ಮೀ. ಮಾತ್ರ ಬಿಡಬೇಕು. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಹೀಗೆ ಬಿಟ್ಟರೆ ಎರಡು ಹಲಗೆ ಪಕ್ಕಪಕ್ಕ ಇಟ್ಟಾಗ ನಡುವಿನ ಅಂತರವೂ 5 ಸೆಂ.ಮೀ.ಯೇ ಬರುತ್ತದೆ. ನಾಲ್ಕು ಹಲಗೆ ಕೂಡಿಸಿದರೆ ಹತ್ತು ಮೊಳೆಗೆ ಹತ್ತು ಮೊಳೆಯ ದೊಡ್ಡ ಹಲಗೆ ರೆಡಿ.

ಗೆರೆ ಹಾಕಿದ್ದು ಮಕ್ಕಳೇ. ಒಂದೇ ತುದಿಯಲ್ಲಿ ಅಳೆದು ಸ್ಕೇಲ್ ಇಟ್ಟು ಎಳೆದವರ ಗೆರೆ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಪಕ್ಕದ ಗೆರೆಗೆ ಹತ್ತಿರ ಆಗಿಬಿಟ್ಟಿತ್ತು. ಎರಡೂ ತುದಿಯಲ್ಲಿ ಅಳೆದು ಗುರುತು ಹಾಕಿದವರದು ಸರಿ ಬಂತು. ಸಮಾನಾಂತರ ರೇಖೆಯ ಪಾಠ ಅಲ್ಲಿಗೆ ಮುಗಿಯಿತು ಅನ್ನಿ.

ಮೊಳೆ ಹೊಡೆಯುವುದು ದೊಡ್ಡವರ ಕೆಲಸ. ನಾನೂ, ಏಳನೇ ತರಗತಿಯ ಹುಡುಗರೂ ಹೊಡೆದೆವು. ಎಲ್ಲಾ ಮೊಳೆ ಒಂದೇ ಎತ್ತರಕ್ಕೆ ನಿಲ್ಲಬೇಕು. ಅದಕ್ಕೆ ಒಂದೂವರೆ ಸೆಂ.ಮೀ. ದಪ್ಪದ ಮರದ ತುಂಡೊಂದನ್ನು ಮೊಳೆ ಪಕ್ಕ ಒತ್ತಿ ಹಿಡಿಯಿರಿ. ಮೊಳೆಯ ತಲೆ ಆ ತುಂಡಿನ ಮಟ್ಟಕ್ಕೆ ಬಂದ ಕೂಡಲೇ ಸುತ್ತಿಗೆ ನಿಲ್ಲಿಸಿ. ಒಂದು ಸೆಂ.ಮೀ. ಒಳಗೆ ಹೋಗಿರುತ್ತದೆ, ಹಲಗೆ ಹಿಂದೆ ಚೂಪು ಹೊರಬರುವುದಿಲ್ಲ. ಅಂಚಿನ ಮೊಳೆಗೆ ಮುಂಚೆಯೇ ಸಣ್ಣ ತೂತು ಕೊರೆದರೆ ಪ್ಲೈವುಡ್ ಸೀಳುವುದಿಲ್ಲ.

ರಬ್ಬರ್ ಬ್ಯಾಂಡ್ ನಮ್ಮ ಬಿಸಿಲಿಗೆ ತಡೆಯುವುದಿಲ್ಲ. ಒಣಗಿ ಪಟ್ ಅಂತ ಹರಿದು ಮುಖಕ್ಕೆ ಹೊಡೆಯುತ್ತದೆ. ಹಳೇ ಸೈಕಲ್ ಟ್ಯೂಬನ್ನು ಅಡ್ಡಡ್ಡ ತೆಳ್ಳಗೆ ಕತ್ತರಿಸಿದರೆ ಗಟ್ಟಿ ಉಂಗುರ ಸಿಗುತ್ತವೆ. ಪಂಕ್ಚರ್ ಅಂಗಡಿಯವರು ಸುಮ್ನೆ ಕೊಡುತ್ತಾರೆ. ದೊಡ್ಡ ಆಕಾರಕ್ಕೆ ಉಂಗುರ ಸಾಲುವುದಿಲ್ಲ, ಅಲ್ಲಿ ಉಲ್ಲನ್ ದಾರ.

ಹಲಗೆ ಕೈಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿದೆ. ಇದರಲ್ಲಿ ಎಷ್ಟು ಅಳತೆಯ ಚೌಕ ಕೂರಿಸಬಹುದು? ಎಲ್ಲರೂ ನಾಲ್ಕು ಅಂದರು. ಬದಿ ಒಂದು, ಎರಡು, ಮೂರು, ನಾಲ್ಕು. ಆಮೇಲೆ ಒಬ್ಬಳು ಉಂಗುರವನ್ನು ಓರೆಯಾಗಿ ನಾಲ್ಕು ಮೊಳೆಗೆ ಸಿಕ್ಕಿಸಿದಳು. ನಡುವೆ ಒಂದು ಮೊಳೆ ಒಳಗೆ ಸಿಕ್ಕಿತು. "ಇದು ಗಾಳಿಪಟ" ಅಂತ ಪಕ್ಕದವನ ತಕರಾರು. ಅವಳು ಏನೂ ಹೇಳಲಿಲ್ಲ, ಹಲಗೆಯನ್ನೇ ಓರೆಯಾಗಿ ತಿರುಗಿಸಿ ಅವನ ಮುಂದೆ ಇಟ್ಟಳು. ಗಾಳಿಪಟ ಚೌಕವಾಗಿತ್ತು. ಅಲ್ಲಿಂದ ಬೇಟೆ ಶುರು. ಒಟ್ಟು ಎಂಟು ಅಳತೆಯ ಚೌಕ ಸಿಗುತ್ತವೆ, ನಾಲ್ಕು ನೆಟ್ಟಗಿನವು, ನಾಲ್ಕು ಓರೆಯವು. ಅಕ್ಕಪಕ್ಕದ ನಾಲ್ಕು ಮೊಳೆ ನಡುವಿನ ಒಂದು ಸಣ್ಣ ಮನೆಯನ್ನು ಒಂದು ಅಂತ ಇಟ್ಟುಕೊಂಡರೆ ಓರೆಯವುಗಳ ವಿಸ್ತೀರ್ಣ 2, 5, 8, 10.

ಓರೆ ಚೌಕದ ವಿಸ್ತೀರ್ಣ ಹೇಗೆ ತೆಗೆಯುವುದು? ಅರ್ಧ ಮನೆಗಳನ್ನು ಜೋಡಿಸಿ ಎಣಿಸಿದರು. ಐದನೇ ತರಗತಿಯವರಿಗೆ ಇನ್ನೊಂದು ದಾರಿ ತೋರಿಸಿದೆ. ದಾರ ಮುಟ್ಟಿದ ಮೊಳೆಗಳನ್ನು ಎಣಿಸಿ ಅರ್ಧ ಮಾಡಿ, ಒಳಗಿನ ಮೊಳೆ ಕೂಡಿಸಿ, ಒಂದು ಕಳೆಯಿರಿ. ವಿಸ್ತೀರ್ಣ ಐದರ ಚೌಕದಲ್ಲಿ ದಾರ ಮುಟ್ಟಿದ್ದು ನಾಲ್ಕು, ಒಳಗೆ ನಾಲ್ಕು. ಎರಡು, ಕೂಡಿಸು ನಾಲ್ಕು, ಕಳೆ ಒಂದು, ಐದು. ಇದು ಗಿಯೋರ್ಗ್ ಪಿಕ್ ಅನ್ನುವ ಗಣಿತಜ್ಞ 1899ರಲ್ಲಿ ಪ್ರಕಟಿಸಿದ ಸೂತ್ರ. ಯಾಕೆ ಸರಿ ಬರುತ್ತೆ ಅಂತ ಹೇಳಲು ಹೋಗಲಿಲ್ಲ. ಸುಳ್ಳು ಮಾಡಲು ಆಗುತ್ತಾ ನೋಡಿ ಅಂದೆ. ಊಟದ ಬೆಲ್ ಹೊಡೆದರೂ ಏಳಲಿಲ್ಲ.

ಮಡಿ ಹಾಕಿದ್ದು

ಮಡಿಯ ಅಳತೆ 4 ಮೀಟರ್‌ಗೆ 3 ಮೀಟರ್. ಗುಂಪಿಗೆ ನಾಲ್ಕು ಗೂಟ, ಟೇಪು ಕೊಟ್ಟು ಸುಣ್ಣದಲ್ಲಿ ಗೆರೆ ಹಾಕಿ ಅಂದೆ. ನಾಲ್ಕೂ ಬದಿ ಅಳತೆಗೆ ಸರಿಯಾಗಿ ಬಂದವು. ಆದರೆ ನೋಡಿದರೆ ಮಡಿ ಒಂದು ಕಡೆ ವಾಲಿದೆ. ಬದಿ ಎಲ್ಲಾ ಸರಿ ಇದೆಯಲ್ಲ, ಮತ್ತೆ ಯಾಕೆ ಹೀಗೆ?

ಒಬ್ಬ ಹುಡುಗನ ಅಪ್ಪ ಗಾರೆ ಮೇಸ್ತ್ರಿ. ಅಡುಗೆ ಕೋಣೆ ನೆಲದ ರಿಪೇರಿಗೆ ಬಂದವರು ನಿಂತು ನೋಡುತ್ತಿದ್ದರು. "ಮೇಷ್ಟ್ರೇ, ಮೂಲೆಯಿಂದ ಮೂಲೆಗೆ ಹಿಡಿದು ನೋಡಿಸ್ರಿ" ಅಂದರು. ಹಿಡಿದರು. ಒಂದು ಕರ್ಣ 4 ಮೀಟರ್ 80, ಇನ್ನೊಂದು 5 ಮೀಟರ್ 19. "ಎರಡೂ ಒಂದೇ ಬರೋ ತನಕ ಉದ್ದ ಇರೋ ಮೂಲೇನ ಒಳಗೆ ತಳ್ರಪ್ಪಾ." ಮಕ್ಕಳು ಗೂಟ ಕಿತ್ತು ಕಿತ್ತು ಸರಿಸಿದರು. ಬದಿಯ ಅಳತೆ ಕೆಡದಂತೆ ಸರಿಸುವುದು ಸುಲಭ ಅಲ್ಲ, ಟೇಪು ಹಿಡಿಯಲು ಎಲ್ಲಾ ಕಡೆ ಜನ ಬೇಕು. ಕೊನೆಗೆ ಎರಡೂ 5 ಮೀಟರ್‌ಗೆ ಬಂದು ನಿಂತವು. ಆಯತಕ್ಕೆ ಕರ್ಣಗಳು ಸಮ ಅಂತ ಪುಸ್ತಕದಲ್ಲಿ ಒಂದು ಸಾಲು ಇರುತ್ತೆ. ಆ ಸಾಲು ಒಂದು ಉಪಕರಣ ಅಂತ ಆ ಮಕ್ಕಳಿಗೆ ಈಗ ಗೊತ್ತು.

ಮೇಸ್ತ್ರಿ ಹೊರಡುವಾಗ ಇನ್ನೊಂದು ಮಾತು ಹೇಳಿದರು. ಪಾಯ ಹಾಕುವಾಗ ಮೂಲೆಗೆ ಅವರು ಮೂರಡಿ, ನಾಲ್ಕಡಿ, ಐದಡಿ ಹಿಡಿಯುತ್ತಾರೆ. ಅದನ್ನೇ ಹಗ್ಗದಲ್ಲಿ ಮಾಡಿಕೊಂಡೆವು.

ಹತ್ತಿ ಹಗ್ಗ ತಂದರೆ ಮೊದಲು ಎಳೆತ ತೆಗೆಯಬೇಕು. ಮರದ ಕೊಂಬೆಗೆ ಕಟ್ಟಿ ಕೆಳಗೆ ನೀರಿನ ಬಕೆಟ್ ನೇತುಹಾಕಿ ರಾತ್ರಿಯಿಡೀ ಬಿಡಿ. ಇಲ್ಲದಿದ್ದರೆ ಮಕ್ಕಳು ಎಳೆದಾಗ ಅಳತೆ ಓಡುತ್ತದೆ. ಗುರುತಿಗೆ ಗಂಟು ಹಾಕಬೇಡಿ. ಗಂಟು ಹಗ್ಗ ತಿನ್ನುತ್ತದೆ, ಒಂದೊಂದು ಗಂಟು ಒಂದೊಂದು ಅಳತೆ ತಿನ್ನುತ್ತದೆ. ಬಣ್ಣದ ಬಟ್ಟೆ ಚೂರು ಹೊಲಿದರೆ ಒಳ್ಳೆಯದು. ಅರ್ಧ ಮೀಟರಿಗೆ ಒಂದರಂತೆ ಹನ್ನೆರಡು ಭಾಗ, ಒಟ್ಟು 6 ಮೀಟರ್, ಎರಡು ತುದಿ ಸೇರಿಸಿ ಹೊಲಿದು ಬಳೆ ಮಾಡಿದೆವು. ಸೊನ್ನೆ, ಮೂರು, ಏಳು ಈ ಗುರುತುಗಳನ್ನು ಮೂವರು ಹಿಡಿದು ಬಿಗಿಯಾಗಿ ಎಳೆದರೆ ಮೂರನೇ ಗುರುತು ಹಿಡಿದವರ ಹತ್ತಿರ ಲಂಬಕೋನ. ಈ ಹಗ್ಗ ಹಿಡಿದುಕೊಂಡು ಶಾಲೆಯ ಮೂಲೆಗಳನ್ನೆಲ್ಲ ಪರೀಕ್ಷೆ ಮಾಡಿದರು. ಕಾಂಪೌಂಡ್ ಗೋಡೆಯ ಒಂದು ಮೂಲೆ ಪಾಸಾಗಲಿಲ್ಲ. ಕಟ್ಟಿದ್ದು ಯಾರು ಅಂತ ಕೇಳಿದರು, ನಾನು ಮಾತು ಬದಲಾಯಿಸಿದೆ.

ಮಡಿಗೆ ಬೇಲಿ ಎಷ್ಟು ಬೇಕು ಅನ್ನುವಾಗ ಸುತ್ತಳತೆ 14 ಮೀಟರ್ ಬಂತು. ಅದೇ 14 ಮೀಟರಿನಲ್ಲಿ ಬೇರೆ ಮಡಿ ಮಾಡಬಹುದಾ? 6ಕ್ಕೆ 1 ಮಾಡಿದರೆ ಆರು ಚದರ ಮೀಟರ್. 5ಕ್ಕೆ 2 ಮಾಡಿದರೆ ಹತ್ತು. ನಮ್ಮದು ಹನ್ನೆರಡು. ಮೂರೂವರೆ ಚೌಕ ಮಾಡಿದರೆ ಹನ್ನೆರಡೂಕಾಲು. ಬೇಲಿ ಅಷ್ಟೇ, ಮೆಂತ್ಯ ಸೊಪ್ಪು ಮಾತ್ರ ಡಬಲ್! ಅಡುಗೆಯವರಿಗೆ ಹೇಳಿ ಬಂದ ಹುಡುಗಿ, "ಹಾಗಾದ್ರೆ ಚೌಕನೇ ಮಾಡ್ಬೇಕಿತ್ತಲ್ಲ ಸಾರ್" ಅಂದಳು. ಆದರೆ ಕೈ ಚಾಚಿ ಕಳೆ ಕೀಳಲು ಅಗಲ ಕಡಿಮೆ ಇದ್ದರೇ ಅನುಕೂಲ. ಗಣಿತದ ಉತ್ತರವೇ ತೋಟದ ಉತ್ತರ ಅಲ್ಲ, ಇದನ್ನೂ ಚರ್ಚೆ ಮಾಡಿದೆವು.

ಅಡಿಕೆ ಸೀಮೆಯ ಮಕ್ಕಳಿಗೆ ಇದೆಲ್ಲ ಪೂರ್ತಿ ಹೊಸದೇನಲ್ಲ. ಸಸಿ ಇಡುವಾಗ 9 ಅಡಿಗೆ 9 ಅಡಿ ಹಗ್ಗ ಹಿಡಿದು ಗೂಟ ಹೊಡೆಯುವುದನ್ನು ನೋಡಿಯೇ ಬೆಳೆದವರು. ಒಬ್ಬರ ತೋಟಕ್ಕೆ ಹೋಗಿ ಮೂಲೆಯಲ್ಲಿ ನಿಂತೆವು. ಸಾಲು ಸರಿ ಹಿಡಿದಿದ್ದರೆ ನೇರ ಸಾಲು, ಅಡ್ಡ ಸಾಲು ಮಾತ್ರ ಅಲ್ಲ, ಓರೆ ಸಾಲೂ ಕಣ್ಣಿಗೆ ಸಿಗಬೇಕು ಅಂತ ತೋಟದ ಯಜಮಾನರು ತೋರಿಸಿದರು. "ಇದು ದೊಡ್ಡ ಮೊಳೆ ಹಲಗೆ ಕಣ್ರೋ!" ಅಂತ ಒಬ್ಬ ಕೂಗಿದ. ಅಲ್ಲೇ ಲೆಕ್ಕವೂ ಆಯಿತು. ಒಂದು ಗಿಡಕ್ಕೆ 81 ಚದರ ಅಡಿ. ಗುಂಟೆ ಅಂದರೆ 33 ಅಡಿ ಚೌಕ, 1,089 ಚದರ ಅಡಿ, ಅಂದರೆ ಹದಿಮೂರು ಗಿಡ ಮತ್ತು ಸ್ವಲ್ಪ. ನಲವತ್ತು ಗುಂಟೆಗೆ 537. ಯಜಮಾನರು ಎಕರೆಗೆ ಐನೂರೈವತ್ತು ಅಂತ ಬಾಯಿಲೆಕ್ಕ ಹೇಳಿದ್ದರು. ಹತ್ತಿರವೇ ಇತ್ತು.

ಸಂತೇಬೆನ್ನೂರು ನಮಗೆ ದೂರ ಅಲ್ಲ. ಪುಷ್ಕರಣಿ ನೋಡಲು ಹೋದಾಗ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ. ನಾಲ್ಕೂ ಕಡೆ ಮೆಟ್ಟಿಲು ಇವೆ. ಒಂದು ಮೆಟ್ಟಿಲು ಕೆಳಗಿಳಿದರೆ ಒಂದು ಬದಿ ಎಷ್ಟು ಚಿಕ್ಕದಾಗುತ್ತೆ? ಒಂದು ಮೆಟ್ಟಿಲ ಅಗಲದಷ್ಟು ಅಂತ ಎಲ್ಲರ ಉತ್ತರ. ವಾಪಸ್ ಬಂದು ಮೊಳೆ ಹಲಗೆ ಮೇಲೆ ಹೊರಗೆ ಒಂದು ಚೌಕ, ಒಳಗೆ ಒಂದು ಚೌಕ ಹಾಕಿ ನೋಡಿದರು. ನಾಲ್ಕು ಇದ್ದದ್ದು ಎರಡಾಗಿತ್ತು. ಎರಡೂ ತುದಿಯಲ್ಲಿ ಕಮ್ಮಿ ಆಗುತ್ತಲ್ವಾ!

ಚಪ್ಪರ

ಇದು ಬೇಗ ಮುಗಿದ ಕೆಲಸ. ಬಿದಿರಿನ ನಾಲ್ಕು ಗಳ ಸೇರಿಸಿ ಆಯತ ಕಟ್ಟಿ ನಿಲ್ಲಿಸಿದರೆ ಕೈ ಇಟ್ಟ ಕೂಡಲೇ ವಾಲುತ್ತದೆ. ಗಂಟು ಎಷ್ಟೇ ಬಿಗಿ ಮಾಡಿ, ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ದಬ್ಬೆ ಓರೆಯಾಗಿ ಕಟ್ಟಿ, ಅಲುಗುವುದಿಲ್ಲ. ತ್ರಿಭುಜದ ಮೂರು ಬದಿ ಗೊತ್ತಾದರೆ ಅದರ ಆಕಾರ ಖಾಯಂ, ನಾಲ್ಕು ಬದಿಗೆ ಆ ಭಾಗ್ಯ ಇಲ್ಲ. ಆಮೇಲೆ ಮಕ್ಕಳು ಓರೆ ಪಟ್ಟಿ ಹುಡುಕತೊಡಗಿದರು. ಹೈಟೆನ್ಷನ್ ಕರೆಂಟ್ ಟವರ್, ತಗಡಿನ ಶೆಡ್ಡಿನ ಕೈಮರ, ಸೈಕಲ್ಲಿನ ಫ್ರೇಮು.

ಬೇವಿನ ಮರದ ಕಟ್ಟೆ

ಗೂಟ ಹೊಡೆದು ಹಗ್ಗ ಕಟ್ಟಿ ಸುತ್ತಿದರೆ ವೃತ್ತ. ಇದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಗೂಟ ಹೊಡೆಯಬೇಕಾದ ಜಾಗದಲ್ಲಿ ಮರವೇ ನಿಂತಿದೆ. ನಾನು ಬೇಕಂತಲೇ ಬಾಯಿ ಬಿಡಲಿಲ್ಲ.

ಮಕ್ಕಳು ಹಗ್ಗವನ್ನು ಕಾಂಡಕ್ಕೇ ಕಟ್ಟಿದರು. ಒಂದೂವರೆ ಮೀಟರ್ ಬಿಟ್ಟು ತುದಿಗೆ ಕಡ್ಡಿ ಕಟ್ಟಿ, ಬಿಗಿ ಹಿಡಿದು ನೆಲಕ್ಕೆ ಗೀರುತ್ತಾ ಹೊರಟರು. ಕಾಲು ಸುತ್ತು ಚೆನ್ನಾಗಿಯೇ ಹೋಯಿತು. ಅರ್ಧ ಸುತ್ತಿಗೆ ಗೀರು ಮರದ ಕಡೆ ಬಾಗತೊಡಗಿತು. ಪೂರ್ತಿ ಸುತ್ತಿ ಬರುವಷ್ಟರಲ್ಲಿ ಹೊರಟ ಜಾಗ ಎಲ್ಲೋ, ಬಂದು ನಿಂತ ಜಾಗ ಎಲ್ಲೋ. ಹೊರಟ ಗುರುತಿಗಿಂತ ತುಂಬಾ ಒಳಗೆ ಇದ್ದರು. "ನೀನು ಒಳಗೆ ಎಳೆದೆ", "ಇಲ್ಲ, ನಾನು ಬಿಗಿ ಹಿಡಿದಿದ್ದೆ", ಜಗಳ. ಬೇರೆಯವರು ಹಿಡಿದರು. ಮತ್ತೆ ಅದೇ ಬಸವನಹುಳು.

ಆಗ ಒಬ್ಬಳು ಕೆಳಗೆ ಕೂತು ಕಾಂಡ ನೋಡಿದಳು. "ಹಗ್ಗ ಮರಕ್ಕೆ ಸುತ್ಕೊಂಡಿದೆ." ಉಳಿದ ಹಗ್ಗ ಅಳೆದರು, 56 ಸೆಂ.ಮೀ. ಅಂದರೆ ಒಂದು ಸುತ್ತಿಗೆ 94 ಸೆಂ.ಮೀ. ಕಮ್ಮಿ ಆಗಿದೆ. ಕಾಂಡದ ಸುತ್ತಳತೆ ಹಿಡಿದು ನೋಡಿದರು, ಅದೂ 94. ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ.

ಮುಂದೆ? ಕಟ್ಟಬಾರದು, ಹಗ್ಗ ಮರದ ಸುತ್ತ ಜಾರಬೇಕು. ಈ ಮಾತು ಮಕ್ಕಳಿಂದಲೇ ಬಂತು. ಎರಡು ತುದಿ ಸೇರಿಸಿ ದೊಡ್ಡ ಬಳೆ ಮಾಡಿ, ಮರವನ್ನು ಒಳಗೆ ಹಾಕಿಕೊಂಡು, ಕಡ್ಡಿಯಿಂದ ಬಿಗಿಯಾಗಿ ಹೊರಕ್ಕೆ ಎಳೆಯುತ್ತಾ ಸುತ್ತಿದರೆ ಕಡ್ಡಿ ಹೊರಟ ಜಾಗಕ್ಕೇ ವಾಪಸ್ ಬಂತು. ಕಾಂಡ ದುಂಡಗಿದ್ದರೆ ಬಳೆ ಯಾವ ದಿಕ್ಕಿಗೆ ಎಳೆದರೂ ಒಂದೇ ದೂರ ನಿಲ್ಲುತ್ತದೆ. ನಮ್ಮ ಮರಕ್ಕೆ 3 ಮೀಟರ್ ಹಗ್ಗದ ಬಳೆ ಹಾಕಿದಾಗ ಮರದ ನಡುವಿನಿಂದ ಸುಮಾರು 1.25 ಮೀಟರ್ ತ್ರಿಜ್ಯ ಬಂತು. ಮಾಡುವವರಿಗೆ ಎರಡು ಸೂಚನೆ. ಬೇವಿನ ಬುಡ ಕೆಳಗೆ ಅಗಲ ಆಗಿರುತ್ತದೆ, ಹಗ್ಗ ಮೇಲೆ ಕೆಳಗೆ ಓಡಾಡಿದರೆ ವೃತ್ತ ಕೆಡುತ್ತದೆ. ಹಾಗಾಗಿ ಒಬ್ಬರು ಕಾಂಡದ ಹತ್ತಿರ ನಿಂತು ಹಗ್ಗವನ್ನು ಒಂದೇ ಎತ್ತರಕ್ಕೆ ಇಟ್ಟುಕೊಳ್ಳಬೇಕು. ತೊಗಟೆ ಒರಟು, ಹಗ್ಗ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಸಲೀಸು.

ಇಟ್ಟಿಗೆ ಎಷ್ಟು ಬೇಕು? ತಟ್ಟೆ, ಬಕೆಟ್, ಸೈಕಲ್ ಗಾಲಿ, ಎಲ್ಲದರ ಸುತ್ತಳತೆಯನ್ನು ದಾರದಲ್ಲಿ ಹಿಡಿದು ಅಡ್ಡಳತೆಗೆ ಹೋಲಿಸಿದರು. ಪ್ರತಿ ಸಲ ಮೂರು ಪಟ್ಟು ಮತ್ತು ಸ್ವಲ್ಪ. ಆ ಸ್ವಲ್ಪ ಎಷ್ಟು ಅನ್ನುವುದಕ್ಕೆ ಆರ್ಯಭಟನ ಲೆಕ್ಕ ಹೇಳಿದೆ. ವ್ಯಾಸ 20,000 ಇದ್ದರೆ ಪರಿಧಿ 62,832, ಕ್ರಿ.ಶ. 499ರ ಹೊತ್ತಿನದು. ನಮ್ಮ ವ್ಯಾಸ ಎರಡೂವರೆ ಮೀಟರ್, ಪರಿಧಿ 7 ಮೀಟರ್ 85. ಇಟ್ಟಿಗೆಯ ಗಿಡ್ಡ ಬದಿ 10 ಸೆಂ.ಮೀ., ಅದನ್ನು ಮರದ ಕಡೆ ಮುಖ ಮಾಡಿ ಇಟ್ಟರೆ 78. ನಮ್ಮ ಇಟ್ಟಿಗೆ ಒಂದರಂತೆ ಒಂದಿಲ್ಲ, 77ಕ್ಕೇ ಸುತ್ತು ಮುಗಿಯಿತು. ಒಳಗಡೆ ಇಟ್ಟಿಗೆಗಳು ಮುಟ್ಟಿಕೊಂಡಿದ್ದರೂ ಹೊರಗಡೆ ಎರಡೆರಡು ಸೆಂ.ಮೀ. ಸಂದು ಬಿಟ್ಟವು. ಇಟ್ಟಿಗೆ ಆಯತ, ಸಂದು ತ್ರಿಭುಜ. ಒಳಸುತ್ತಿಗಿಂತ ಹೊರಸುತ್ತು ದೊಡ್ಡದು ಅಂತ ಹೇಳುವ ಅಗತ್ಯವೇ ಬೀಳಲಿಲ್ಲ. ಸಂದಿಗೆ ಮಣ್ಣು ತುಂಬಿ ಒತ್ತಿದೆವು.

ಕೆಲಸ ಮುಗಿದ ಮೇಲೆ ಹುಡುಗನೊಬ್ಬ ಬಳೆಹಗ್ಗವನ್ನು ಎರಡು ಗೂಟಕ್ಕೆ ಹಾಕಿ ಸುತ್ತಿ ನೋಡಿದ. ಉದ್ದನೆಯ ಮೊಟ್ಟೆ ಥರದ ಆಕಾರ ಬಂತು. ಹೆಸರು ದೀರ್ಘವೃತ್ತ ಅಂತ ಹೇಳಿದೆ. ಗೂಟ ಹತ್ತಿರ ತಂದರೆ ದುಂಡಗಾಗುತ್ತೆ, ದೂರ ಒಯ್ದರೆ ಚಪ್ಪಟೆ ಆಗುತ್ತೆ ಅಂತ ಅವನೇ ಕಂಡುಕೊಂಡ. ಆಫೀಸ್ ರೂಮಿನ ಮುಂದೆ ಅಕ್ಕಪಕ್ಕ ಎರಡು ತೆಂಗಿನ ಮರ ಇವೆ. ಎರಡಕ್ಕೂ ಸೇರಿಸಿ ಅಂಥದ್ದೇ ಒಂದು ಕಟ್ಟೆ ಹಾಕೋಣ ಅಂತ ಈಗ ಹಟ ಹಿಡಿದಿದ್ದಾರೆ. ಹೆಡ್‌ಮಾಸ್ಟರು ಒಪ್ಪಿದ್ದಾರೆ, ಒಂದೇ ಷರತ್ತು, ಇಟ್ಟಿಗೆ ಎಷ್ಟು ಬೇಕು ಅಂತ ಮಕ್ಕಳೇ ಮೊದಲು ಲೆಕ್ಕ ಕೊಡಬೇಕು. ದೀರ್ಘವೃತ್ತದ ಪರಿಧಿಗೆ ಮೂರು ಪಟ್ಟು ಮತ್ತು ಸ್ವಲ್ಪ ಅನ್ನುವಂಥ ಸುಲಭದ ಸೂತ್ರ ಇಲ್ಲ. ಗೀರಿನ ಮೇಲೆ ದಾರ ಇಟ್ಟು ಅಳೆಯುತ್ತೇವೆ ಅಂದಿದ್ದಾರೆ. ಸೋಮವಾರ ದಾರ ತರುತ್ತಾರೆ.